ಆರು ಹಿಡಿ ಹಿಟ್ಟು, ಹಿಡಿಸಿದಷ್ಟು ತುಪ್ಪ

ಕೊಬ್ಬರಿ ಬಿಸ್ಕತ್ತು ಮಾಡೋದು ಹೇಗೆ ಅಂತ ಕೇಳಿದರೆ ನಮ್ಮ ಅಜ್ಜಿ ಹೇಳುತ್ತಿದ್ದದ್ದು ಇಷ್ಟೇ. "ಆರು ಹಿಡಿ ಮೈದಾ, ಒಂದು ಹಿಡಿ ಚಿರೋಟಿ ರವೆ, ಎರಡು ಹಿಡಿ ಕೊಬ್ಬರಿ, ಸಿಹಿಗೆ ತಕ್ಕಷ್ಟು ಸಕ್ಕರೆ, ಹಿಡಿಸಿದಷ್ಟು ತುಪ್ಪ." 2012ರಲ್ಲಿ ಇದನ್ನು ಡೈರಿಯಲ್ಲಿ ಬರೆದುಕೊಂಡೆ. ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸತು, ಮನೆಗೆ ಓವನ್ ಕೂಡ ಬಂದಿತ್ತು. ಆ ಎರಡು ಸಾಲು ನಂಬಿಕೊಂಡು ಐದು ವರ್ಷ ಬಿಸ್ಕತ್ತು ಸುಟ್ಟೆ. ಒಂದು ಸಲವೂ ಅಜ್ಜಿಯ ಕೈಯದರ ಹಾಗೆ ಬರಲಿಲ್ಲ.

ಅಜ್ಜಿಯ ಊರು ಅರಸೀಕೆರೆ ಹತ್ತಿರದ ಒಂದು ಹಳ್ಳಿ. ಆ ಕಡೆ ಮನೆ ಅಂದಮೇಲೆ ಅಟ್ಟದ ಮೇಲೆ ತೆಂಗಿನಕಾಯಿ ಇರಲೇಬೇಕು. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರೆಲ್ಲ ಇಂಗಿ ಉಂಡೆ ಕೊಬ್ಬರಿ ಆಗುತ್ತದೆ. ಅಲ್ಲಾಡಿಸಿದರೆ ಚಿಪ್ಪಿನೊಳಗೆ ಗಡಗಡ ಅನ್ನಬೇಕು. ಬಿಸ್ಕತ್ತಿಗೆ ಅಜ್ಜಿ ಆರಿಸುತ್ತಿದ್ದದ್ದು ಅಂಥದ್ದನ್ನೇ. ಹಸಿ ಕಾಯಿ ತುರಿ ಹಾಕಿದರೆ ನೀರಿನಂಶಕ್ಕೆ ಬಿಸ್ಕತ್ತು ಮೆತ್ತಗಾಗುತ್ತದೆ, ಎರಡೇ ದಿನಕ್ಕೆ ಹಳಸುತ್ತದೆ.

ಹಳ್ಳಿಯ ಮನೆಗೆ ಬಿಸ್ಕತ್ತು ಹೇಗೆ ಬಂತು ಅಂತ ಕೇಳಬಹುದು. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಹಾಸನದ ಕಡೆಯದು. ಹಾಸನ ಸೀಮೆಯ ತಿರುಮಲಾಚಾರ್ ಅನ್ನುವವರು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು ಅಂತ ಹೇಳುತ್ತಾರೆ. ಆಮೇಲೆ ನಮ್ಮ ಜಿಲ್ಲೆಯ ಎಷ್ಟೋ ಹುಡುಗರು ಬೇಕರಿ ಕೆಲಸಕ್ಕೆ ಪೇಟೆ ಸೇರಿದರು. ಅಜ್ಜಿಯ ತಮ್ಮನೂ ಹಾಗೆ ಹೋದವರು. ನಮಗೆಲ್ಲ ಅವರು ಬೇಕರಿ ತಾತ. ಹಬ್ಬಕ್ಕೆ ಊರಿಗೆ ಬಂದಾಗ ಅಕ್ಕನಿಗೆ ಮೊಟ್ಟೆ ಇಲ್ಲದ ಬಿಸ್ಕತ್ತು ಕಲಿಸಿಕೊಟ್ಟರು. ಬೇಕರಿಯಲ್ಲಿ ಸೌದೆ ಒಲೆಯ ಗೂಡು ಇರುತ್ತಿತ್ತು. ಹಳ್ಳಿಯಲ್ಲಿ ಅದೆಲ್ಲಿ? ಅದಕ್ಕೆ ಮರಳಿನ ಉಪಾಯ ಹೇಳಿಕೊಟ್ಟರು.

ಆ ಮರಳಿನ ಒಲೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದಪ್ಪ ತಳದ ಕಬ್ಬಿಣದ ಬಾಣಲೆ. ಅದರಲ್ಲಿ ಎರಡು ಬೆರಳು ದಪ್ಪಕ್ಕೆ ಹಳ್ಳದ ಮರಳು. ಜರಡಿ ಹಿಡಿದು, ನಾಲ್ಕು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿದ ಮರಳು. ಅದನ್ನು ಒಂದು ಡಬ್ಬದಲ್ಲಿ ಬೇರೆಯಾಗಿಯೇ ಇಟ್ಟಿರುತ್ತಿದ್ದಳು, ಮುಟ್ಟಲು ಬಿಡುತ್ತಿರಲಿಲ್ಲ. ಮರಳು ಚೆನ್ನಾಗಿ ಕಾದ ಮೇಲೆ ಅದರ ಮೇಲೆ ಬರೀ ತಟ್ಟೆ ಇಟ್ಟು ಒಂದು ಚಿಟಿಕೆ ಮೈದಾ ಉದುರಿಸುತ್ತಿದ್ದಳು. ಹಿಟ್ಟು ನಿಧಾನಕ್ಕೆ ಗೋಧಿ ಬಣ್ಣಕ್ಕೆ ತಿರುಗಿದರೆ ಹದ. ತಕ್ಷಣ ಕಪ್ಪಾದರೆ ಒಂದು ಸೌದೆ ಹೊರಕ್ಕೆ ಎಳೆಯುತ್ತಿದ್ದಳು. ಬಿಸ್ಕತ್ತಿನ ತಟ್ಟೆ ಇಟ್ಟು, ಮೇಲೆ ಆಳದ ಮುಚ್ಚಳ ಮುಚ್ಚಿ, ಮುಚ್ಚಳದ ಮೇಲೂ ಒಂದಿಷ್ಟು ಕೆಂಡ. ಕೆಳಗಿನಿಂದಲೂ ಶಾಖ, ಮೇಲಿನಿಂದಲೂ ಶಾಖ. ನನ್ನ ಓವನ್ನಿನಲ್ಲಿ ಕೆಳಗೊಂದು ಮೇಲೊಂದು ಕಾಯಿಲ್ ಇದೆಯಲ್ಲ, ಅದೂ ಮಾಡೋದು ಇದನ್ನೇ.

ಹಾಗಾಗಿ ತಪ್ಪು ಓವನ್ನಿನದಲ್ಲ ಅಂತ ಗೊತ್ತಿತ್ತು. ಮತ್ತೆ ಯಾವುದರದ್ದು? ಒಂದು ಸಲ ಬಿಸ್ಕತ್ತು ಕಲ್ಲಿನ ಹಾಗೆ ಆಗುತ್ತಿತ್ತು. ಗಟ್ಟಿ ಆಯಿತಲ್ಲ ಅಂತ ತುಪ್ಪ ಜಾಸ್ತಿ ಮಾಡಿದರೆ ತಟ್ಟೆಯ ಮೇಲೆ ಕರಗಿ ಒಂದಕ್ಕೊಂದು ಅಂಟಿಕೊಂಡು ಹಪ್ಪಳ. ಉಬ್ಬಲಿ ಅಂತ ಸೋಡಾ ಜಾಸ್ತಿ ಮಾಡಿದೆ, ಸೋಪು ನೆಕ್ಕಿದ ರುಚಿ ಬಂತು. ಫೋನ್ ಮಾಡಿ ಕೇಳಿದರೆ ಅಜ್ಜಿಯದು ಒಂದೇ ಮಾತು. "ನಾನು ಹೇಳಿದಷ್ಟೇ ಹಾಕಿದ್ಯಾ ಪುಟ್ಟಿ?" ಹೇಳಿದಷ್ಟೇ ಹಾಕಿದ್ದೆ.

2017ರ ದೀಪಾವಳಿಗೆ ಊರಿಗೆ ಹೋಗುವಾಗ ಅಡುಗೆಮನೆಯ ಡಿಜಿಟಲ್ ತಕ್ಕಡಿಯನ್ನು ಬ್ಯಾಗಿಗೆ ಹಾಕಿಕೊಂಡೆ. ಅಜ್ಜಿ ಹಿಟ್ಟಿನ ಡಬ್ಬಕ್ಕೆ ಕೈ ಹಾಕಿ ಹಿಡಿ ತುಂಬಿಕೊಂಡಳು. ಅದು ಹರಿವಾಣಕ್ಕೆ ಬೀಳುವ ಮೊದಲೇ ತಕ್ಕಡಿಯ ಬಟ್ಟಲು ಒಡ್ಡಿದೆ. ಅವಳಿಗೆ ಸಿಟ್ಟು ಬಂತು. "ಏನಿದು, ರೇಷನ್ ಅಂಗಡಿ ಥರ?" ಅಂದಳು. ಆದರೂ ಹಾಕಿದಳು. 34 ಗ್ರಾಂ. ಎರಡನೇ ಹಿಡಿ 33. ಮೂರನೆಯದು 34. ಆರೂ ಹಿಡಿ ಸೇರಿ ಸರಿಯಾಗಿ 200 ಗ್ರಾಂ. ಆಮೇಲೆ ನಾನು ಅದೇ ಡಬ್ಬಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ತೂಗಿದೆ. 47 ಗ್ರಾಂ ಬಂತು!

ಅಜ್ಜಿಯದು ಸಣ್ಣ ಕೈ. ವಯಸ್ಸಾಗಿ ಬೆರಳು ಪೂರ್ತಿ ಮಡಚಲೂ ಬರುತ್ತಿರಲಿಲ್ಲ. ನನ್ನದು ಅಪ್ಪನ ಹಾಗೆ ಅಗಲದ ಕೈ. ಐದು ವರ್ಷ ನಾನು ಆರು ಹಿಡಿ ಅಂತ ಹೆಚ್ಚು ಕಡಿಮೆ 280 ಗ್ರಾಂ ಮೈದಾ ಹಾಕಿದ್ದೆ. ಅದಕ್ಕೆ ಹಿಟ್ಟು ಕೂಡಿಕೊಳ್ಳುತ್ತಿರಲಿಲ್ಲ, ಅದಕ್ಕೇ ತುಪ್ಪ ಸುರಿಯುತ್ತಿದ್ದೆ, ಅದಕ್ಕೇ ಹಪ್ಪಳ.

ಅವತ್ತು ಅಜ್ಜಿಯ ಕೈಯಿಂದ ತೂಗಿಕೊಂಡ ಲೆಕ್ಕ ಹೀಗಿದೆ: ಮೈದಾ 200 ಗ್ರಾಂ, ಚಿರೋಟಿ ರವೆ 30, ಕೊಬ್ಬರಿ ತುರಿ 60, ಪುಡಿ ಸಕ್ಕರೆ 100, ತುಪ್ಪ 130. ನಾಲ್ಕು ಏಲಕ್ಕಿ, ಒಂದು ಚಿಟಿಕೆ ಉಪ್ಪು, ಎರಡು ಚಿಟಿಕೆ ಅಡುಗೆ ಸೋಡಾ, ಒಂದು ಚಮಚ ಹುಳಿ ಮೊಸರು. ಸೋಡಾ ಕೆಲಸ ಮಾಡಬೇಕಾದರೆ ಹುಳಿ ಬೇಕು, ಮೊಸರು ಅದಕ್ಕೇ. ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಆದ್ದರಿಂದ ತುಪ್ಪ ಇದಕ್ಕಿಂತ ಮೇಲೆ ಹೋಗಬಾರದು. ಕೊಬ್ಬರಿಯ ಕಂದು ಬೆನ್ನನ್ನು ಚಾಕುವಿನಲ್ಲಿ ಹೆರೆದು ತೆಗೆದು, ಬಿಳಿ ಭಾಗ ಮಾತ್ರ ಸಣ್ಣಗೆ ತುರಿಯಬೇಕು. ಕಮಟು ವಾಸನೆ ಇದೆಯಾ ಅಂತ ಮೊದಲೇ ಒಂದು ಚೂರು ಬಾಯಿಗೆ ಹಾಕಿ ನೋಡಿ. ಒಂದು ಕೆಟ್ಟ ಗಿಟುಕು ಇಡೀ ಡಬ್ಬಿ ಕೆಡಿಸುತ್ತದೆ.

ತುಪ್ಪ ಹೆಪ್ಪುಗಟ್ಟಿರಬೇಕು, ಹರಳು ಹರಳಾಗಿರಬೇಕು. ನಾನು ಅವಸರಕ್ಕೆ ಕಾಯಿಸಿ ಹಾಕುತ್ತಿದ್ದೆ. ಅಜ್ಜಿ ಗಟ್ಟಿ ತುಪ್ಪಕ್ಕೆ ಸಕ್ಕರೆ ಸೇರಿಸಿ ಅಂಗೈ ಬುಡದಿಂದ ಹರಿವಾಣಕ್ಕೆ ಉಜ್ಜುತ್ತಿದ್ದಳು. ಹತ್ತು ನಿಮಿಷ, ಒಂದೇ ದಿಕ್ಕಿಗೆ. ಹಳದಿ ತುಪ್ಪ ನೋಡನೋಡುತ್ತಾ ಬೆಳ್ಳಗಾಗಿ ಬೆಣ್ಣೆಯ ಹಾಗೆ ಉಬ್ಬುತ್ತದೆ. ಅದರೊಳಗೆ ಗಾಳಿ ಸೇರುತ್ತದೆ, ಬಿಸ್ಕತ್ತು ಬಾಯಲ್ಲಿ ಪುಡಿಪುಡಿ ಆಗುವುದು ಆ ಗಾಳಿಯಿಂದ. ಆಮೇಲೆ ಹಿಟ್ಟು ಸೇರಿಸಿ ಬೆರಳ ತುದಿಯಲ್ಲಿ ಒಟ್ಟುಮಾಡಬೇಕು ಅಷ್ಟೇ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮೈದಾಕ್ಕೆ ಜಿಗುಟು ಬರುತ್ತದೆ, ಬಿಸ್ಕತ್ತು ಗಟ್ಟಿಯಾಗುತ್ತದೆ.

ಅಳತೆ ಸಿಕ್ಕಿತು ಅಂತ ಖುಷಿಯಿಂದ ಬೆಂಗಳೂರಿಗೆ ಬಂದು ಮಾಡಿದೆ. ಚೆನ್ನಾಗಿಯೇ ಬಂತು. ಆದರೆ ಅಜ್ಜಿಯ ಬಿಸ್ಕತ್ತಿನ ಮೇಲಿರುತ್ತಿದ್ದ ಬಿರುಕು ಇಲ್ಲ. ಇನ್ನೂ ಸ್ವಲ್ಪ ಹರಡುತ್ತಿತ್ತು. ಏನು ಬಿಟ್ಟೆ ಅಂತ ತಲೆ ಕೆಡಿಸಿಕೊಂಡೆ.

ಅದು ತಿಳಿದದ್ದು ಮುಂದಿನ ವರ್ಷ, ಸುಮ್ನೆ ಅವಳ ಪಕ್ಕ ಕೂತಿದ್ದಾಗ. ಹಿಟ್ಟು ಕೂಡಿಸಿ, ಒದ್ದೆ ಬಟ್ಟೆ ಮುಚ್ಚಿ, ಕೈ ತೊಳೆದುಕೊಂಡು ಅಜ್ಜಿ ಎದ್ದುಹೋಗುತ್ತಿದ್ದಳು. ಹಿತ್ತಲಿನಲ್ಲಿ ಕಾಕಡ ಬಿಡಿಸಿ, ಜಗಲಿಯಲ್ಲಿ ಕಾಲು ಚಾಚಿ ಕೂತು ಕಟ್ಟುತ್ತಿದ್ದಳು. ದೇವರಿಗೊಂದು ಮೊಳ, ನಮಗೊಂದೊಂದು ತುಂಡು. ಮುಗಿದ ಮೇಲೆ ಒಲೆ ಹತ್ತಿಸಲು ಬರುತ್ತಿದ್ದಳು. ಅಜ್ಜಿ ದಣಿವಾರಿಸಿಕೊಳ್ಳುತ್ತಾಳೆ ಅಂತಲೇ ಚಿಕ್ಕಂದಿನಿಂದ ಅಂದುಕೊಂಡಿದ್ದೆ. ಅವಸರದಲ್ಲಿದ್ದ ನಾನು ಕೇಳಿದೆ, "ಅಜ್ಜಿ, ಹೂವು ಆಮೇಲೆ ಕಟ್ಟಿದರೆ ಆಗಲ್ವಾ?" "ಆಗಲ್ಲ. ಹೂ ಕಟ್ಟೋ ಅಷ್ಟೊತ್ತು ಹಿಟ್ಟು ಕೂರಬೇಕು" ಅಂದಳು. ಅಷ್ಟು ಸಹಜವಾಗಿ ಅಂದಳು! ಅಷ್ಟು ವರ್ಷದಲ್ಲಿ ಒಮ್ಮೆಯೂ ಇದನ್ನು ಹೇಳಿರಲಿಲ್ಲ. ಹೂ ಕಟ್ಟೋದು ಅವಳ ಲೆಕ್ಕದಲ್ಲಿ ಬಿಸ್ಕತ್ತಿನ ಕೆಲಸ ಅಲ್ಲವಲ್ಲ, ಹೇಳುವ ಮಾತೇ ಬರಲಿಲ್ಲ.

ಆ ಅರ್ಧ ಗಂಟೆಯಲ್ಲಿ ಕೈ ಬಿಸಿಗೆ ಸಡಿಲವಾದ ತುಪ್ಪ ಮತ್ತೆ ಗಟ್ಟಿಯಾಗುತ್ತದೆ. ರವೆ ಜಿಡ್ಡು, ಮೊಸರು ಕುಡಿದು ಮೆದುವಾಗುತ್ತದೆ. ಆಮೇಲೆ ನಿಂಬೆ ಗಾತ್ರದ ಉಂಡೆ ಮಾಡಿ ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತಿದರೆ ಬಿಸಿ ತಾಗಿದಾಗ ಹರಡುವುದಿಲ್ಲ, ಮೇಲೆ ಬಿರಿಯುತ್ತದೆ. ಉಂಡೆ ಮಾಡುವಾಗಲೇ ಒಡೆಯುತ್ತಿದ್ದರೆ ಒಂದು ಚಮಚ ಹಾಲು ಚಿಮುಕಿಸಿ. 160 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ ನನಗೆ 20 ನಿಮಿಷ ಹಿಡಿಯುತ್ತದೆ. ಮೇಲೆ ಬಿಳಿಯಾಗಿಯೇ ಇರಬೇಕು, ಬುಡ ಮಾತ್ರ ಹೊಂಬಣ್ಣ. ತೆಗೆದಾಗ ಮೆತ್ತಗಿರುತ್ತದೆ, ಬೆಂದಿಲ್ಲ ಅಂತ ಮತ್ತೆ ಒಳಗಿಡಬೇಡಿ. ತಟ್ಟೆಯಲ್ಲೇ ಆರಲು ಬಿಡಿ.

ಅಜ್ಜಿ 2021ರಲ್ಲಿ ತೀರಿಕೊಂಡಳು. ಮರಳಿನ ಡಬ್ಬ ಈಗ ನನ್ನ ಬಾಲ್ಕನಿಯಲ್ಲಿದೆ.

ತಂಗಿ ಮೆಲ್ಬರ್ನ್‌ನಲ್ಲಿದ್ದಾಳೆ. ಹೋದ ಸಂಕ್ರಾಂತಿಗೆ ಫೋನ್ ಮಾಡಿ, "ಅಕ್ಕಾ, ನೀನು ಕೊಟ್ಟ ಅಳತೆಯೇ ಹಾಕಿದೆ, ಎಲ್ಲ ಹರಿದುಹೋಯ್ತು" ಅಂದಳು. ಅಲ್ಲಿ ಜನವರಿ ಅಂದರೆ ಉರಿಬೇಸಿಗೆ. ಅರ್ಧ ಗಂಟೆ ಅಲ್ಲ, ಇಡೀ ದಿನ ಬಿಟ್ಟರೂ ತುಪ್ಪ ಕೂರುವುದಿಲ್ಲ. ಉಂಡೆ ಮಾಡಿ ತಟ್ಟೆ ಸಮೇತ ಫ್ರಿಜ್ಜಿನಲ್ಲಿಟ್ಟು, ಮುಟ್ಟಿದರೆ ತಣ್ಣಗೆ ಗಟ್ಟಿಯಾಗಿರುವಾಗ ಓವನ್ನಿಗೆ ಹಾಕು ಅಂದೆ. ಮಾರನೇ ದಿನ ಫೋಟೋ ಕಳಿಸಿದಳು. ಬಿರುಕು ಬಿಟ್ಟಿತ್ತು.

ಈಗ ನನ್ನ ಮಗಳಿಗೆ ಒಂಬತ್ತು ವರ್ಷ. ಅವಳಿಗೆ ಗ್ರಾಂ ಲೆಕ್ಕ ಬರೆದ ಚೀಟಿ ಕೊಟ್ಟಿದ್ದೇನೆ, ಆದರೆ ಒಬ್ಬಳನ್ನೇ ಬಿಟ್ಟಿಲ್ಲ. ತುಪ್ಪ ಉಜ್ಜುವಾಗ ಬಣ್ಣ ತಿರುಗುವ ಆ ಗಳಿಗೆ ಚೀಟಿಯಲ್ಲಿ ಕಾಣುವುದಿಲ್ಲ. ಅವಳ ಅಂಗೈ ಮೇಲೆ ನನ್ನ ಅಂಗೈ ಇಟ್ಟು ಉಜ್ಜಿಸುತ್ತೇನೆ. ಅವಳ ಹಿಡಿಯನ್ನೂ ತೂಗಿದೆವು, 22 ಗ್ರಾಂ ಬಂತು. "ಹಾಗಾದ್ರೆ ನಂಗೆ ಒಂಬತ್ತು ಹಿಡಿ" ಅಂತ ತಾನೇ ಲೆಕ್ಕ ಹಾಕಿ ಚೀಟಿಯ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಳು. ಹಿಟ್ಟು ಮುಚ್ಚಿಟ್ಟು ಇಬ್ಬರೂ ಬಾಲ್ಕನಿಗೆ ಹೋದೆವು. ಕಾಕಡ ಇರಲಿಲ್ಲ, ಮಾರ್ಕೆಟ್ಟಿನಿಂದ ತಂದ ಸೇವಂತಿಗೆ ಇತ್ತು. ಅದನ್ನೇ ಕಟ್ಟಲು ಕೂತೆವು.