ಕ್ಲಿಯರ್ ಅಲೈನರ್‌ಗೆ ಎಷ್ಟು ತಿಂಗಳು? ನೀವೇ ಲೆಕ್ಕ ಹಾಕಿ ನೋಡಿ

ನಾನು ದಾವಣಗೆರೆಯಲ್ಲಿ ಹಲ್ಲು ನೇರ ಮಾಡುವ ಡಾಕ್ಟರು. ಕ್ಲಿಯರ್ ಅಲೈನರ್, ಅಂದರೆ ಹಲ್ಲು ನೇರ ಮಾಡಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ, ಬೇಕು ಅಂತ ಬರುವವರು ಕುರ್ಚಿ ಮೇಲೆ ಒರಗುವ ಮೊದಲೇ ಕೇಳುವುದು ಒಂದೇ: "ಮೇಡಂ, ಎಷ್ಟು ತಿಂಗಳಾಗುತ್ತೆ?" ಅವರ ಹತ್ತಿರ ಆಗಲೇ ಒಂದು ಉತ್ತರವೂ ಇರುತ್ತದೆ. ಮೊಬೈಲಿನಲ್ಲಿ ಯಾವುದೋ ಜಾಹೀರಾತು ಆರು ತಿಂಗಳು ಅಂದಿರುತ್ತದೆ. ಅಕ್ಕನ ಮಗಳಿಗೆ ಎರಡು ವರ್ಷ ಹಿಡಿದಿರುತ್ತದೆ. ಎರಡೂ ನಿಜವೇ ಇರಬಹುದು. ನಿಮ್ಮ ಬಾಯಿಗೆ ಎಷ್ಟು ಅನ್ನುವುದಕ್ಕೆ ಬೇರೆ ಲೆಕ್ಕ ಇದೆ. ಅದೇನೂ ಗುಟ್ಟಲ್ಲ. ಡಾಕ್ಟರು ಕಂಪ್ಯೂಟರಿನಲ್ಲಿ ಪ್ಲ್ಯಾನ್ ತೋರಿಸುವಾಗ ಪಕ್ಕದಲ್ಲಿ ಕೂತು ನೀವೂ ಹಾಕಬಹುದು.

ಮೊದಲು ಅಂದಾಜು ಹೇಳಿಬಿಡುತ್ತೇನೆ. ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದಿ ಅಥವಾ ಕೆಳಗಿನ ಒಂದೆರಡು ಹಲ್ಲು ಸ್ವಲ್ಪ ಸೊಟ್ಟ ಇದ್ದರೆ 3ರಿಂದ 6 ತಿಂಗಳು. ಹಲ್ಲು ಒಂದರ ಮೇಲೊಂದು ಏರಿ ಕೂತಿದ್ದರೆ, ಸುಮಾರಾಗಿ ಉಬ್ಬಿದ್ದರೆ 9ರಿಂದ 15 ತಿಂಗಳು. ಹಲ್ಲು ಕೀಳಿಸಿ ಜಾಗ ಮಾಡಬೇಕು, ಮೇಲಿನ ಸಾಲು ಕೆಳಗಿನ ಸಾಲಿಗೆ ಕೂರುವ ರೀತಿಯನ್ನೇ ಬದಲಿಸಬೇಕು ಅಂದರೆ ಒಂದೂವರೆಯಿಂದ ಎರಡು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಬಾಯಿ ನೋಡದೆ, ಎಕ್ಸ್‌ರೇ ತೆಗೆಯದೆ ಇದಕ್ಕಿಂತ ನಿಖರವಾಗಿ ಯಾರಾದರೂ ಹೇಳಿದರೆ ಸುಮ್ನೆ ನಕ್ಕು ಎದ್ದು ಬನ್ನಿ.

ಟ್ರೇ ಎಷ್ಟು, ದಿನ ಎಷ್ಟು

ಅಲೈನರ್ ಅಂದರೆ ತೆಳುವಾದ ಪ್ಲಾಸ್ಟಿಕ್ ಟ್ರೇಗಳ ಸರಣಿ. ಒಂದೊಂದು ಟ್ರೇಯೂ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ. ತಿರುಗಿಸಬೇಕಾದ ಹಲ್ಲಾದರೆ ಒಂದು ಟ್ರೇಗೆ ಸುಮಾರು 2 ಡಿಗ್ರಿ. ಒಂದೇ ಸಲ ಜಾಸ್ತಿ ತಳ್ಳಿದರೆ ಬೇಗ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆಗಲ್ಲ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಒಂದು ನಾರಿನ ಪದರ ಇದೆ. ದಪ್ಪ ಸುಮಾರು 0.2 ಮಿಲಿಮೀಟರ್. ಮೆಲ್ಲಗೆ ಒತ್ತಿದರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಹಿಂದಿನ ಕಡೆ ಹೊಸ ಮೂಳೆ ಬೆಳೆಯುತ್ತದೆ, ಹಲ್ಲು ಜರುಗುತ್ತದೆ. ಜೋರಾಗಿ ಒತ್ತಿದರೆ ಆ ಪದರದಲ್ಲಿ ರಕ್ತ ಓಡಾಡುವುದೇ ನಿಲ್ಲುತ್ತದೆ. ಆಗ ಹಲ್ಲು ಇನ್ನೂ ನಿಧಾನ, ಜೊತೆಗೆ ನೋವು ಬೇರೆ.

ಮೂಳೆಯ ಈ ಕೆಲಸಕ್ಕೆ ದಿನಗಳು ಬೇಕು. ಆದ್ದರಿಂದ ಒಂದು ಟ್ರೇಯನ್ನು 7ರಿಂದ 14 ದಿನ ಹಾಕಿಸುತ್ತೇವೆ. ಇನ್ವಿಸಲೈನ್ ಅನ್ನುವ ಅಲೈನರ್ ಬ್ರ್ಯಾಂಡ್ ಮಾಡುವ ಅಲೈನ್ ಕಂಪನಿ ಅಮೆರಿಕದಲ್ಲಿ 1997ರಲ್ಲಿ ಶುರುವಾಯಿತು. ಬಹಳ ವರ್ಷ ಎರಡು ವಾರಕ್ಕೊಂದು ಟ್ರೇ ಅನ್ನುವುದೇ ರೂಢಿಯಾಗಿತ್ತು. ವಾರಕ್ಕೊಂದು ಅನ್ನುವುದು ಆಮೇಲೆ ಬಂದದ್ದು. ನಾನು ಹೆಚ್ಚಿನವರಿಗೆ 10 ದಿನ ಹೇಳುತ್ತೇನೆ. ವಯಸ್ಸು ಜಾಸ್ತಿ ಇದ್ದರೆ, ಹಲ್ಲು ತಿರುಗಿಸುವ ಕೆಲಸ ಇದ್ದರೆ 14.

ಈಗ ಲೆಕ್ಕ. ನಿಮ್ಮ ಬಾಯಲ್ಲಿ ಅತಿ ದೂರ ಹೋಗಬೇಕಾದ ಹಲ್ಲು ಯಾವುದು ಕೇಳಿ. ಅದು 3 ಮಿಲಿಮೀಟರ್ ಸರಿಯಬೇಕಾದರೆ 12 ಟ್ರೇ. ಟ್ರೇಗೆ 10 ದಿನದಂತೆ 120 ದಿನ, ಅಂದರೆ 4 ತಿಂಗಳು. ಇನ್ನೊಂದು ಬಾಯಲ್ಲಿ ಕೋರೆಹಲ್ಲಿನ ಹಿಂದಿನ ಹಲ್ಲು 40 ಡಿಗ್ರಿ ತಿರುಗಿ ಕೂತಿದೆ ಅಂದುಕೊಳ್ಳಿ. ಅದಕ್ಕೆ 20 ಟ್ರೇ, ತಿರುಗಿಸುವ ಕೆಲಸ ಆದ್ದರಿಂದ ಟ್ರೇಗೆ 14 ದಿನದಂತೆ 280 ದಿನ. ಕನ್ನಡಿಯಲ್ಲಿ ನೋಡಿದರೆ ಎರಡನೆಯವರ ಹಲ್ಲೇ ಚೆನ್ನಾಗಿ ಕಾಣಬಹುದು, ಆದರೆ ಹೆಚ್ಚು ದಿನ ಹಿಡಿಯುವುದು ಅವರಿಗೇ. ಜಾಗ ಇಲ್ಲದ ಬಾಯಲ್ಲಿ ಹಲ್ಲುಗಳು ಸರದಿಯಲ್ಲಿ ಚಲಿಸಬೇಕು. ಹಿಂದಿನದು ಸರಿದ ಮೇಲೆ ಮುಂದಿನದು. ಆಗ ಟ್ರೇಗಳ ಸಂಖ್ಯೆ ಈ ಲೆಕ್ಕಕ್ಕಿಂತ ಮೇಲೆ ಹೋಗುತ್ತದೆ.

ಮೊದಲ ಟ್ರೇ ಬಾಯಿಗೆ ಬರುವ ಮುಂಚಿನ ದಿನಗಳನ್ನೂ ಸೇರಿಸಿ. ಕ್ಲೀನಿಂಗ್, ಹುಳುಕಿದ್ದರೆ ಅದನ್ನು ತುಂಬಿಸುವುದು, ಎಕ್ಸ್‌ರೇ, ಸ್ಕ್ಯಾನ್, ಪ್ಲ್ಯಾನ್ ನೋಡಿ ಒಪ್ಪುವುದು, ಲ್ಯಾಬಿನಿಂದ ಟ್ರೇ ಬರುವುದು. ಇದಕ್ಕೇ ಒಂದು, ಒಂದೂವರೆ ತಿಂಗಳು. ಒಸಡಿನಲ್ಲಿ ರಕ್ತ, ಕೀವು ಇದ್ದರೆ ಅದು ವಾಸಿಯಾಗುವ ತನಕ ನಾನು ಸ್ಕ್ಯಾನೇ ತೆಗೆಯುವುದಿಲ್ಲ. ಕಾಯಿಲೆ ಇರುವ ಒಸಡಿನಲ್ಲಿ ಹಲ್ಲು ಸರಿಸಿದರೆ ಹಲ್ಲೇ ಸಡಿಲವಾಗಿ ಹೋಗುತ್ತದೆ.

ತಿಂಗಳಲ್ಲ, ಗಂಟೆ

ಕಾಗದದ ಮೇಲಿನ ಲೆಕ್ಕ ಅಷ್ಟೇ. ಅದು ನಿಜವಾಗುವುದು ದಿನಕ್ಕೆ 20ರಿಂದ 22 ಗಂಟೆ ಟ್ರೇ ಬಾಯಲ್ಲಿದ್ದರೆ ಮಾತ್ರ. ಟ್ರೇ ಹಾಕಿಕೊಂಡು ಕುಡಿಯಬಹುದಾದದ್ದು ಬರೀ ನೀರು, ಅದೂ ತಣ್ಣೀರು. ಬಿಸಿ ತಾಗಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಾಫಿ ಟೀ ಕುಡಿದರೆ ಹಳದಿ ಬಣ್ಣ ಕೂರುತ್ತದೆ, ಸಕ್ಕರೆ ಒಳಗೆ ಸೇರಿಕೊಂಡು ಹುಳುಕು ಹಿಡಿಯುತ್ತದೆ.

ನಮ್ಮೂರಿನ ಒಂದು ದಿನ ನೋಡಿ. ಎದ್ದ ತಕ್ಷಣ ಕಾಫಿ. ಒಂಬತ್ತಕ್ಕೆ ಬೆಣ್ಣೆ ದೋಸೆ. ಹನ್ನೊಂದಕ್ಕೆ ಆಫೀಸಿನವರ ಜೊತೆ ಬೈಟು ಟೀ. ಮಧ್ಯಾಹ್ನ ಊಟ. ಸಂಜೆ ಮಂಡಕ್ಕಿ, ಮೆಣಸಿನಕಾಯಿ. ಅದರ ಹಿಂದೆ ಇನ್ನೊಂದು ಟೀ. ರಾತ್ರಿ ಊಟ. ಏಳು ಸಲ ಆಯ್ತು. ತೆಗೆದು, ತಿಂದು, ಬಾಯಿ ತೊಳೆದು ಮತ್ತೆ ಹಾಕುವಷ್ಟರಲ್ಲಿ ಅರ್ಧ ಗಂಟೆ ಅಂತ ಹಿಡಿದರೂ ಮೂರೂವರೆ ಗಂಟೆ. ಉಳಿದದ್ದು ಇಪ್ಪತ್ತೂವರೆ. ಇದರಲ್ಲಿ ಒಂದು ಫೋನು, ಒಂದು ಮೀಟಿಂಗು, "ಆಮೇಲೆ ಹಾಕಿದರಾಯ್ತು" ಸೇರಿದರೆ 18ಕ್ಕೆ ಬಂತು.

ಟೀ ಬಿಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಬಿಡುವುದಿಲ್ಲ. ಎದ್ದಾಗಿನ ಕಾಫಿಯನ್ನು ತಿಂಡಿಗೆ ಜೋಡಿಸಿ, ಸಂಜೆ ಟೀಯನ್ನು ಮಂಡಕ್ಕಿ ಜೊತೆಗೇ ಮುಗಿಸಿ. ಏಳು ಐದಾಯಿತು, ಒಂದು ಗಂಟೆ ಉಳಿಯಿತು. ಹಲ್ಲುಜ್ಜಲು ಜಾಗ ಇಲ್ಲದ ಕಡೆ ನೀರು ಮುಕ್ಕಳಿಸಿ ಟ್ರೇ ಹಾಕಿಬಿಡಿ, ಮನೆಗೆ ಹೋಗಿ ಉಜ್ಜಿ. ಚನ್ನಗಿರಿ ಕಡೆಯಿಂದ ಬರುವ ಕೆಲವರಿಗೆ ದಿನವಿಡೀ ಎಲೆ ಅಡಿಕೆ ಬಾಯಲ್ಲಿರಬೇಕು. ಅವರಿಗೆ ನೇರವಾಗಿ ಹೇಳುತ್ತೇನೆ: ಅಡಿಕೆಯೋ ಅಲೈನರೋ, ಒಂದನ್ನು ಆರಿಸಿ.

ಲೆಕ್ಕ ಬಲ್ಲವರು ಇಲ್ಲೊಂದು ಚೌಕಾಸಿ ಮಾಡುತ್ತಾರೆ. "ಹತ್ತು ದಿನದ ಟ್ರೇನ ದಿನಕ್ಕೆ 15 ಗಂಟೆ ಹಾಕಿ, ಹದಿನೈದು ದಿನ ಇಟ್ಟರೆ ಸರಿಹೋಯ್ತಲ್ವಾ?" ಇಲ್ಲ. ಟ್ರೇ ತೆಗೆದ ಹೊತ್ತಿನಲ್ಲಿ ಹಲ್ಲು ಸುಮ್ಮನೆ ನಿಂತಿರುವುದಿಲ್ಲ, ಹಿಂದಕ್ಕೆ ಬರುತ್ತದೆ. ದಿನಾ ಅಷ್ಟು ಮುಂದೆ ಇಷ್ಟು ಹಿಂದೆ ಹೋದರೆ ಆ ಟ್ರೇ ಯಾವತ್ತೂ ಪೂರ್ತಿ ಕೂರುವುದೇ ಇಲ್ಲ.

ಟ್ರೇ ಬದಲಿಸುವ ಮುಂಚೆ ಕನ್ನಡಿ

ಹತ್ತು ದಿನ ಆಯಿತು ಅಂತ ಕ್ಯಾಲೆಂಡರ್ ನೋಡಿ ಟ್ರೇ ಬದಲಿಸಬೇಡಿ. ಹಲ್ಲು ನೋಡಿ ಬದಲಿಸಿ. ಕಿಟಕಿಯ ಬೆಳಕಿನಲ್ಲಿ ಅಥವಾ ಮೊಬೈಲ್ ಟಾರ್ಚ್ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಟ್ರೇ ಹಾಕಿಯೇ ಇರಲಿ. ಮೇಲಿನ ಎರಡು ದೊಡ್ಡ ಹಲ್ಲುಗಳ ಪಕ್ಕದಲ್ಲಿ ಒಂದೊಂದು ಚಿಕ್ಕ ಹಲ್ಲು ಇರುತ್ತದಲ್ಲ, ಅದರ ತುದಿಯನ್ನೇ ನೋಡಿ. ಅತಿ ಹೆಚ್ಚು ತರಲೆ ಮಾಡುವುದು ಅದು. ಚಿಕ್ಕದು, ಹಿಡಿತ ಕಡಿಮೆ, ಕೆಳಗೆ ಎಳೆಯಬೇಕಾದರೆ ಪ್ಲಾಸ್ಟಿಕ್‌ನಿಂದ ಜಾರಿಕೊಳ್ಳುತ್ತದೆ. ಹಲ್ಲಿನ ತುದಿಗೂ ಟ್ರೇ ತಳಕ್ಕೂ ನಡುವೆ ಗಾಳಿಯ ಸಂದಿ ಕಾಣುತ್ತಿದೆಯಾ? ಎಂಜಲಿನ ಒಂದು ಗುಳ್ಳೆ ಅಲ್ಲಿ ಸಿಕ್ಕಿಕೊಂಡು ಮಿನುಗುತ್ತಿದೆಯಾ? ಹಾಗಿದ್ದರೆ ಆ ಹಲ್ಲು ಹಿಂದೆ ಉಳಿದಿದೆ. ನಾವು ಇದನ್ನು ಟ್ರ್ಯಾಕ್ ಆಗುತ್ತಿಲ್ಲ ಅನ್ನುತ್ತೇವೆ.

ಕೂದಲೆಳೆಯಷ್ಟು ಸಂದಿ ಇದ್ದರೆ ಗಾಬರಿ ಬೇಡ. ಟ್ರೇ ಡಬ್ಬಿಯ ಜೊತೆ ರಬ್ಬರಿನಂಥ ಸಣ್ಣ ಉರುಳೆ ಕೊಟ್ಟಿರುತ್ತೇವೆ, ಚ್ಯೂಯೀ ಅಂತ. ಆ ಹಲ್ಲಿನ ಕೆಳಗೇ ಇಟ್ಟು ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಕಚ್ಚಿ ಬಿಡಿ, ಕಚ್ಚಿ ಬಿಡಿ. ಅದೇ ಟ್ರೇಯಲ್ಲಿ ಇನ್ನೂ ಮೂರು ನಾಲ್ಕು ದಿನ ಇರಿ. ಸಾಮಾನ್ಯವಾಗಿ ಕೂತುಬಿಡುತ್ತದೆ. ಸಂದಿ ಒಂದು ಮಿಲಿಮೀಟರಿನಷ್ಟಿದ್ದರೆ ಅಥವಾ ಮುಂದಿನ ಟ್ರೇಯಲ್ಲೂ ಹಾಗೇ ಇದ್ದರೆ ಫೋನ್ ಮಾಡಿ. ಹಲ್ಲಿನ ಮೇಲೆ ಅಂಟಿಸಿದ ಬಿಳಿ ಗುಬುಟು, ಅಂದರೆ ಅಟ್ಯಾಚ್‌ಮೆಂಟ್, ಬಿದ್ದುಹೋದರೂ ಫೋನ್ ಮಾಡಿ. ಹಲ್ಲನ್ನು ಹಿಡಿದುಕೊಳ್ಳಲು ಟ್ರೇಗೆ ಇರುವ ಆಸರೆಯೇ ಅದು. ಇವತ್ತಿನ ನಾಲ್ಕು ದಿನ ಉಳಿಸಲು ಮುಂದಿನ ಟ್ರೇಗೆ ಹಾರಿದರೆ ಕೊನೆಯಲ್ಲಿ ನಾಲ್ಕು ತಿಂಗಳು ಜಾಸ್ತಿ ಹಿಡಿಯಬಹುದು.

ಕೊನೆಯ ಟ್ರೇ ಕೊನೆಯದಲ್ಲ

ಪ್ಲ್ಯಾನಿನಲ್ಲಿ 24 ಟ್ರೇ ಅಂತ ಇದ್ದರೆ 24ಕ್ಕೇ ಮುಗಿಯುವುದು ಅಪರೂಪ. ಕಂಪ್ಯೂಟರ್ ತೋರಿಸುವ ಹಲ್ಲು ಹೇಳಿದಂತೆ ಕೇಳುತ್ತದೆ, ಬಾಯಲ್ಲಿರುವ ಹಲ್ಲು ಹಾಗಲ್ಲ. ಗುಂಡಗಿರುವ ಹಲ್ಲು ಪೂರ್ತಿ ತಿರುಗಿರುವುದಿಲ್ಲ, ಹಿಂದಿನ ಹಲ್ಲುಗಳು ಸರಿಯಾಗಿ ತಾಗುತ್ತಿರುವುದಿಲ್ಲ. ಮತ್ತೆ ಸ್ಕ್ಯಾನ್, ಮತ್ತೆ ಮೂರು ನಾಲ್ಕು ವಾರ ಕಾಯುವುದು, ಮತ್ತೆ ಒಂದಷ್ಟು ಟ್ರೇ. ರಿಫೈನ್‌ಮೆಂಟ್ ಅನ್ನುವುದು ಇದಕ್ಕೇ. ಕಾಯುವ ದಿನಗಳಲ್ಲಿ ಕೊನೆಯ ಟ್ರೇಯನ್ನೇ ಹಾಕಿಕೊಂಡಿರಬೇಕು. ಡಾಕ್ಟರು ಹೇಳಿದ ಅವಧಿಗೆ ಮೊದಲೇ 2ರಿಂದ 5 ತಿಂಗಳು ಸೇರಿಸಿಕೊಂಡುಬಿಡಿ. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆಯೂ ಇದೇ: ರಿಫೈನ್‌ಮೆಂಟ್ ಟ್ರೇಗಳು ಈ ಫೀಸಿನಲ್ಲೇ ಬರುತ್ತವಾ, ಎಷ್ಟು ಸಲ?

ಮದುವೆ ಗೊತ್ತಾದವರು ಮುಹೂರ್ತದಿಂದ ಹಿಂದಕ್ಕೆ ಎಣಿಸಿ. ಮಾಘದಲ್ಲಿ ಮದುವೆ, ಬಂದದ್ದು ಶ್ರಾವಣದಲ್ಲಿ ಅಂದರೆ ಕೈಯಲ್ಲಿರುವುದು ಆರು ತಿಂಗಳು. ಒಂದೂವರೆ ತಿಂಗಳು ತಯಾರಿಗೆ ಹೋಯಿತು. ಉಳಿದ ನಾಲ್ಕೂವರೆ ತಿಂಗಳಲ್ಲಿ 13 ಟ್ರೇ. ಸಣ್ಣ ಸಂದಿ ಮುಚ್ಚುತ್ತದೆ, ಏರಿ ಕೂತ ಹಲ್ಲು ಪೂರ್ತಿ ಇಳಿಯುವುದಿಲ್ಲ. ಹಾಗಂತ ಕೈಬಿಡಬೇಕಾಗಿಲ್ಲ. ಫೋಟೋಗೆ ಕಾಣುವ ಮುಂದಿನ ಹಲ್ಲುಗಳು ಅಷ್ಟರಲ್ಲಿ ಸಾಕಷ್ಟು ಸರಿಯಾಗಬಹುದು. ಮದುವೆ ವಾರ ಅಟ್ಯಾಚ್‌ಮೆಂಟ್ ತೆಗೆಸಿ, ಟ್ರೇ ಮಾತ್ರ ಹಾಕಿಕೊಂಡಿದ್ದು, ಮುಗಿದ ಮೇಲೆ ಮತ್ತೆ ಅಂಟಿಸಿಕೊಂಡು ಮುಂದುವರಿಸಬಹುದು. ಆದರೆ ಪಂಕ್ತಿಯಲ್ಲಿ ಕೂತಾಗ ಟ್ರೇ ತೆಗೆದು ಬಾಳೆ ಎಲೆಯ ಪಕ್ಕ ಇಡಬೇಡಿ, ದಯವಿಟ್ಟು! ಎಲೆ ಎತ್ತುವವರು ಅದನ್ನೂ ಸುತ್ತಿಕೊಂಡು ಹೋಗುತ್ತಾರೆ. ಡಬ್ಬಿ ಜೇಬಿನಲ್ಲಿರಲಿ. ಹಿಂದಿನ ಟ್ರೇ ಯಾವಾಗಲೂ ಮನೆಯಲ್ಲಿರಲಿ. ಕಳೆದುಹೋದ ದಿನ ಅದನ್ನು ಹಾಕಿಕೊಂಡು ಡಾಕ್ಟರಿಗೆ ಫೋನ್ ಮಾಡಿದರೆ ಹಲ್ಲು ಇದ್ದಲ್ಲೇ ಇರುತ್ತದೆ.

ಬೇಗ ಆಗಲಿ ಅಂತ ಹಲ್ಲನ್ನು ನಡುಗಿಸುವ ಯಂತ್ರಗಳನ್ನು ಮಾರುತ್ತಾರೆ. ಅವುಗಳಿಂದ ಅವಧಿ ಕಡಿಮೆಯಾಗುತ್ತದೆ ಅಂತ ಗಟ್ಟಿಯಾಗಿ ಸಾಬೀತಾಗಿಲ್ಲ, ದುಡ್ಡು ದಂಡ. ಬಾಯಿ ನೋಡದೆ ಅಂಚೆಯಲ್ಲಿ ಟ್ರೇ ಕಳಿಸುವವರಿಂದಲೂ ದೂರ ಇರಿ. ಅಮೆರಿಕದಲ್ಲಿ ಹೀಗೆ ಟ್ರೇ ಕಳಿಸುತ್ತಿದ್ದ ಸ್ಮೈಲ್‌ಡೈರೆಕ್ಟ್‌ಕ್ಲಬ್ 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ಟ್ರೀಟ್‌ಮೆಂಟ್ ಅರ್ಧದಲ್ಲಿದ್ದವರು ಅಲ್ಲೇ ನಿಂತರು. ಯಾವ ಬ್ರ್ಯಾಂಡ್ ಅನ್ನುವುದಕ್ಕಿಂತ, ನಡೆದುಕೊಂಡು ಹೋಗಿ ಬಾಗಿಲು ತಟ್ಟಲು ಒಬ್ಬ ಡಾಕ್ಟರು ಇದ್ದಾರಾ ಅನ್ನುವುದು ನೋಡಿ.

ತಂತಿ ಕ್ಲಿಪ್ಪಿಗಿಂತ ಇದು ಬೇಗವಾ? ಸಣ್ಣ ಕೆಲಸಕ್ಕೆ ಹೆಚ್ಚು ಕಡಿಮೆ ಒಂದೇ. ಆದರೆ ನಾಲ್ಕು ಹಲ್ಲು ಕಿತ್ತು, ಒಂದೊಂದು ಕಡೆ 7 ಮಿಲಿಮೀಟರ್ ಜಾಗ ಮುಚ್ಚಬೇಕಾದಾಗ ನಾನು ಹೆಚ್ಚಾಗಿ ತಂತಿಯನ್ನೇ ಹೇಳುತ್ತೇನೆ. ಬೇರು ಸಮೇತ ಹಲ್ಲನ್ನು ನೆಟ್ಟಗೆ ಎಳೆಯುವುದು ತಂತಿಗೆ ಸುಲಭ. ಪ್ಲಾಸ್ಟಿಕ್ ಹಲ್ಲನ್ನು ವಾಲಿಸಿಬಿಡುತ್ತದೆ, ಆಮೇಲೆ ಅದನ್ನು ಎತ್ತಿ ನಿಲ್ಲಿಸಲು ಇನ್ನಷ್ಟು ಟ್ರೇ.

ಇನ್ನು ರಿಟೇನರ್, ಅಂದರೆ ನೇರವಾದ ಹಲ್ಲು ಹಿಂದಕ್ಕೆ ಹೋಗದಂತೆ ಆಮೇಲೆ ಹಾಕಿಕೊಳ್ಳುವ ಟ್ರೇ. ಇದನ್ನು ಅವಧಿಯ ಲೆಕ್ಕದಿಂದ ಎಲ್ಲರೂ ಬಿಟ್ಟುಬಿಡುತ್ತಾರೆ. ಹೊಸ ಜಾಗಕ್ಕೆ ಬಂದ ಹಲ್ಲು ಕೆಸರಿನಲ್ಲಿ ನೆಟ್ಟ ಗೂಟದಂತೆ, ಸುತ್ತ ಗಟ್ಟಿಯಾಗುವ ತನಕ ಹಿಡಿದುಕೊಳ್ಳಬೇಕು. ಮೂಳೆ ಕೆಲವು ತಿಂಗಳಲ್ಲಿ ಗಟ್ಟಿಯಾದರೂ ಒಸಡಿನ ನಾರುಗಳು ಹೊಂದಿಕೊಳ್ಳಲು ಒಂದು ವರ್ಷವಾದರೂ ಬೇಕು. ತಿರುಗಿಸಿದ ಹಲ್ಲಿಗೆ ಈ ನಾರುಗಳದ್ದೇ ಕಾಟ. ಮೊದಲ 3ರಿಂದ 6 ತಿಂಗಳು ಊಟದ ಹೊತ್ತು ಬಿಟ್ಟು ಹಗಲೂ ರಾತ್ರಿ, ಆಮೇಲೆ ರಾತ್ರಿ ಮಾತ್ರ. ಎಷ್ಟು ವರ್ಷ ಅಂದರೆ, ಹಲ್ಲು ನೇರ ಇರಬೇಕು ಅನ್ನಿಸುವಷ್ಟು ವರ್ಷ. ರಿಟೇನರ್ ಸೀಳುತ್ತದೆ, ಕಳೆಯುತ್ತದೆ, ಮನೆ ನಾಯಿ ಕಚ್ಚಿ ಹಾಕುತ್ತದೆ. ಆದ್ದರಿಂದ ಟ್ರೀಟ್‌ಮೆಂಟ್ ಮುಗಿದ ದಿನ ಕೊನೆಯ ಸ್ಕ್ಯಾನಿನ ಫೈಲನ್ನು ನಿಮ್ಮ ಇಮೇಲಿಗೆ ಕಳಿಸಲು ಹೇಳಿ. ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾಗ ಅದು ಮುರಿದರೆ, ಅಲ್ಲಿನ ಡೆಂಟಿಸ್ಟ್ ಆ ಫೈಲಿನಿಂದಲೇ ಹೊಸದು ಮಾಡಿಸಿಕೊಡಬಹುದು. ಊರಿಗೆ ಬಂದಾಗ ನೋಡೋಣ ಅಂತ ತಿಂಗಳು ದೂಡಿದರೆ ಹಳೇ ಫೈಲಿನ ರಿಟೇನರ್ ಹಲ್ಲಿಗೆ ಕೂರುವುದಿಲ್ಲ. ಮುರಿದ ವಾರವೇ ಮಾಡಿಸಿಕೊಳ್ಳಿ.