ಕರ್ನಲ್‌ನ ಇಂಟರಪ್ಟ್ ಕೋಷ್ಟಕವನ್ನು ವರ್ಚುವಲ್ ಮಷೀನ್‌ಗೆ ಅಣಿಗೊಳಿಸುವುದು ಹೇಗೆ?

ಶಿರಸಿಯ ಸುತ್ತಲಿನ ಹಳ್ಳಿಗಳಲ್ಲಿ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವರಲ್ಲಿ ಲಿನಕ್ಸ್ ಕರ್ನಲ್‌ನ ಒಳಗನ್ನು ತಿಳಿಯುವ ಹಂಬಲವುಳ್ಳವರಿಗಾಗಿ ಈ ಬರಹ.

ಸಾಧನವೊಂದು ಗಮನ ಸೆಳೆದಾಗ ಇಲ್ಲವೇ ದೋಷ ಎದುರಾದಾಗ ಪ್ರೊಸೆಸರ್ ಯಾವ ಕೋಡಿಗೆ ಜಿಗಿಯಬೇಕೆಂದು ಹೇಳುವ ಪಟ್ಟಿಯೇ ಇಂಟರಪ್ಟ್ ಕೋಷ್ಟಕ. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಪ್ರೊಸೆಸರ್‌ನಲ್ಲಿ ಅದಕ್ಕೆ 256 ನಮೂದುಗಳಿರುತ್ತವೆ. 0ಯಿಂದ 31ರವರೆಗಿನವು ಪ್ರೊಸೆಸರ್‌ಗೇ ಮೀಸಲು. 64 ಬಿಟ್ ಕರ್ನಲ್‌ನಲ್ಲಿ ನಮೂದೊಂದಕ್ಕೆ 16 ಬೈಟ್‌ನಂತೆ ಇಡೀ ಕೋಷ್ಟಕ 4,096 ಬೈಟ್, ಅಂದರೆ ಸರಿಯಾಗಿ ಮೆಮೊರಿಯ ಒಂದು ಪೇಜ್. ಹಿಂದೆ ಲಿನಕ್ಸ್‌ನಲ್ಲಿ ಈ ನಮೂದುಗಳನ್ನು ಬೇರೆ ಬೇರೆ ಕಡತಗಳಲ್ಲಿ ಚದುರಿದ್ದ ಫಂಕ್ಷನ್ ಕರೆಗಳು ತುಂಬುತ್ತಿದ್ದವು. 2017ರ 4.14ನೇ ಆವೃತ್ತಿಯಲ್ಲಿ ಅವನ್ನು ಒಂದೇ ಕಡತದ ಕೋಷ್ಟಕಗಳಿಗೆ ತರಲಾಯಿತು. ನಿಮ್ಮ ಕರ್ನಲ್‌ಗೂ ಇದೇ ದಾರಿ ಒಳ್ಳೆಯದು.

ಮೊದಲು ನಮೂದು ಬರೆಯುವ ಪ್ರತಿಯೊಂದು ಕರೆಯನ್ನೂ ಹುಡುಕಿ ಪಟ್ಟಿ ಮಾಡಿಕೊಳ್ಳಿ. ಬಳಿಕ ವೆಕ್ಟರ್ ಸಂಖ್ಯೆ (ನಮೂದಿನ ಕ್ರಮಸಂಖ್ಯೆ), ಹ್ಯಾಂಡ್ಲರ್ (ಆಗ ಓಡಬೇಕಾದ ಕೋಡ್), ಸ್ಟ್ಯಾಕ್ (ಆ ಕೋಡ್ ಬಳಸುವ ಮೆಮೊರಿ) ಈ ಮೂರನ್ನು ಹೊತ್ತ ಸಾಲುಗಳಾಗಿ ಅವನ್ನು ಕೋಷ್ಟಕಕ್ಕೆ ಇಳಿಸಿ. ಮಳೆಗಾಲದಲ್ಲಿ ಹೊತ್ತುಗೊತ್ತಿಲ್ಲದೆ ಕರೆಂಟ್ ಹೋಗುವ ನಮ್ಮ ಕಡೆಯಲ್ಲಂತೂ ಒಂದೊಂದು ಬದಲಾವಣೆಗೂ ಬೇರೆಯೇ ಕಮಿಟ್ ಮಾಡುವುದು ಕ್ಷೇಮ. ಮುಂದೆ ತಪ್ಪು ಯಾವ ಹಂತದಲ್ಲಿ ಹೊಕ್ಕಿತೆಂದು ಹುಡುಕಲೂ ಅದೇ ಆಸರೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಕ್ರಮದಲ್ಲಿ. ಡಬಲ್ ಫಾಲ್ಟ್‌ನಂಥ (ಒಂದು ದೋಷವನ್ನು ನಿಭಾಯಿಸಲು ಹೋದಾಗಲೇ ಬರುವ ಇನ್ನೊಂದು ದೋಷದ) ನಮೂದುಗಳು ತಮ್ಮದೇ ಸ್ಟ್ಯಾಕ್‌ಗೆ ಜಿಗಿಯುವುದರಿಂದ, ಆ ಸ್ಟ್ಯಾಕ್‌ಗಳ ವಿಳಾಸವಿರುವ ಟಿಎಸ್ಎಸ್ (ಟಾಸ್ಕ್ ಸ್ಟೇಟ್ ಸೆಗ್ಮೆಂಟ್) ಎಂಬ ರಚನೆಯನ್ನು ಪ್ರೊಸೆಸರ್‌ಗೆ ಲೋಡ್ ಮಾಡಿದ ಮೇಲಷ್ಟೇ ಅವನ್ನು ಹಾಗೆ ಬರೆಯಬೇಕು. ಅದಕ್ಕೂ ಮುನ್ನ ಬರೆದಿದ್ದು, ನಡುವೆ ದೋಷವೊಂದು ಎದುರಾದರೆ, ಅದನ್ನು ನಿಭಾಯಿಸಲಾಗದೆ ಟ್ರಿಪಲ್ ಫಾಲ್ಟ್ ಆಗಿ, ತೆರೆಯ ಮೇಲೆ ಒಂದಕ್ಷರವೂ ಮೂಡದೆ ಯಂತ್ರ ಮರಳಿ ಬೂಟ್ ಆಗುತ್ತದೆ.

ವರ್ಚುವಲ್ ಮಷೀನ್‌ಗಳನ್ನು ಓಡಿಸುವ ತಂತ್ರಾಂಶವಾದ ಹೈಪರ್‌ವೈಸರ್‌ನ ಸರದಿ ಆಮೇಲೆ. ಲಿನಕ್ಸ್‌ನ ಕೆವಿಎಂ ಅಥವಾ ಮೈಕ್ರೋಸಾಫ್ಟ್‌ನ ಹೈಪರ್-ವಿಗೆ ಬೇಕಾದ ನಮೂದನ್ನು ಸಾಮಾನ್ಯ ಕೋಡಿನ ನಡುವೆ ಷರತ್ತು ಹಾಕಿ ತುರುಕಬೇಡಿ. ಆಯಾ ಹೈಪರ್‌ವೈಸರ್‌ನ ಆರಂಭದ ಫಂಕ್ಷನ್ನೇ ಅದನ್ನು ನೋಂದಾಯಿಸಲಿ. ಲಿನಕ್ಸ್ ಇದಕ್ಕಾಗಿ 243ನೇ ವೆಕ್ಟರನ್ನು ಇಟ್ಟಿದೆ. ಕೊನೆಯಲ್ಲಿ ಕೋಷ್ಟಕವನ್ನು ಓದಲು ಮಾತ್ರ ಎಂದು ಬಿಗಿಗೊಳಿಸುವುದರಿಂದ, ನೋಂದಣಿ ಅದಕ್ಕೆ ಮುಂಚೆಯೇ ಮುಗಿದಿರಬೇಕು.

ಪರೀಕ್ಷಿಸಲು, ಮೊದಲು ಯಂತ್ರವನ್ನೇ ಅನುಕರಿಸುವ ತಂತ್ರಾಂಶ ಕ್ಯುಎಮುವನ್ನು ಕೆವಿಎಂ ಇಲ್ಲದೆ, ‘ನೋ-ರೀಬೂಟ್’ (-no-reboot) ಮತ್ತು ‘ಡಿ ಇಂಟ್’ (-d int) ಆಯ್ಕೆಗಳೊಂದಿಗೆ ಓಡಿಸಿ; ಯಾವ ವೆಕ್ಟರ್‌ನಲ್ಲಿ ಎಡವಿತೆಂಬುದು ಲಾಗ್‌ನ ಕೊನೆಯ ಸಾಲುಗಳಲ್ಲಿ ಸಿಗುತ್ತದೆ. ನಂತರ ಕೆವಿಎಂನೊಂದಿಗೆ ಬೂಟ್ ಮಾಡಿ, ಪ್ರಾಕ್ ಡೈರೆಕ್ಟರಿಯ ‘ಇಂಟರಪ್ಟ್ಸ್’ ಕಡತ (/proc/interrupts) ತೆರೆಯಿರಿ. ಅಲ್ಲಿ ‘ಎಚ್‌ವೈಪಿ’ (HYP, ಹೈಪರ್‌ವೈಸರ್‌ನ ಇಂಟರಪ್ಟ್‌ಗಳ ಎಣಿಕೆ) ಎಂಬ ಸಾಲು ಬಂದಿದ್ದರೆ, ಅದರ ಎದುರು ಸೊನ್ನೆಗಳೇ ಇದ್ದರೂ, ನೋಂದಣಿ ಆಗಿದೆ ಎಂದೇ ಅರ್ಥ.