ಹಳೇ ಕಂಪ್ಯೂಟರ್ ಮಾರುವ ಮುಂಚೆ ಡಿಸ್ಕ್ ಅಳಿಸಿದ್ದು: ನನ್ನ ಅನುಭವ

ಬಸವನಗುಡಿ ಮನೆ ಖಾಲಿ ಮಾಡುವಾಗ ಅಪ್ಪನ ಹಳೇ ಡೆಸ್ಕ್‌ಟಾಪನ್ನು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ಎಸ್‌ಪಿ ರೋಡ್‌ನಲ್ಲಿ ಮಾರೋಣ ಅಂದುಕೊಂಡೆ. ಅದರಲ್ಲಿ 500 ಜಿಬಿ ಹಾರ್ಡ್ ಡಿಸ್ಕ್ ಒಂದು, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಡೇಟಾ ಇಡುವ ಡಿಸ್ಕ್) ಒಂದು. "ಎಲ್ಲಾ ಡಿಲೀಟ್ ಮಾಡಿ ಫಾರ್ಮ್ಯಾಟೂ ಮಾಡಿದ್ದೀನಿ ಕಣೋ, ತಗೊಂಡು ಹೋಗು" ಅಂದರು ಅಪ್ಪ. ಆದರೂ ಸುಮ್ನೆ ನೋಡೋಣ ಅಂತ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿ, ಅಳಿಸಿದ ಫೈಲ್ ಹುಡುಕಿ ಕೊಡುವ ಫೋಟೋರೆಕ್ ಅನ್ನೋ ಪ್ರೋಗ್ರಾಮನ್ನು ಹಾರ್ಡ್ ಡಿಸ್ಕ್ ಮೇಲೆ ಓಡಿಸಿದೆ. ಅಪ್ಪನ ಪ್ಯಾನ್ ಕಾರ್ಡ್, ಅಮ್ಮನ ಆಸ್ಪತ್ರೆ ರಿಪೋರ್ಟು, ಮನೆ ಕ್ರಯಪತ್ರ, ಒಂದೊಂದಾಗಿ ವಾಪಸ್ ಬಂದವು. ಎದೆ ಧಸಕ್ಕೆಂದಿತು.

ಡಿಲೀಟ್ ಮಾಡಿದರೆ ಫೈಲ್ ಹೋಗುವುದಿಲ್ಲ, ಆ ಜಾಗ ಖಾಲಿ ಅಂತ ಗುರುತು ಬೀಳುತ್ತದೆ ಅಷ್ಟೆ. ಕ್ವಿಕ್ ಫಾರ್ಮ್ಯಾಟ್ ಕೂಡ ಬರೀ ಫೈಲ್‌ಗಳ ಪಟ್ಟಿಯನ್ನು ಹೊಸದು ಮಾಡುತ್ತದೆ, ಒಳಗಿನ ಸರಕು ಅಲ್ಲೇ ಇರುತ್ತದೆ.

ಹಾರ್ಡ್ ಡಿಸ್ಕ್‌ಗೆ ಲಿನಕ್ಸ್‌ನ ಶ್ರೆಡ್ ಸಾಕಾಯಿತು, ಅದು ಹಳೇ ಡೇಟಾ ಮೇಲೆ ಬೇರೆ ಏನಾದರೂ ಬರೆದು ಅಳಿಸುವ ಕಮಾಂಡ್. ಅದಕ್ಕೆ ಮುಂಚೆ ಬ್ಯಾಕಪ್ ಡಿಸ್ಕನ್ನು ಕಿತ್ತು ಪಕ್ಕಕ್ಕಿಟ್ಟೆ, ಯಾವ ಡಿಸ್ಕ್‌ಗೆ ಯಾವ ಹೆಸರು ಅಂತ ಎರಡೆರಡು ಸಲ ನೋಡಿದೆ, ಯಾಕಂದ್ರೆ ಇಲ್ಲಿ ಒಂದಕ್ಷರ ತಪ್ಪಿದರೆ ಬೇರೆ ಡಿಸ್ಕೇ ಹೋಗಿಬಿಡುತ್ತದೆ. ಹೀಗೆ 35 ಸಲ ಮೇಲೆ ಬರೆಯಬೇಕು ಅನ್ನೋರು ಇನ್ನೂ ಇದ್ದಾರೆ. ಅದು 1996ರಲ್ಲಿ ಕಂಪ್ಯೂಟರ್ ಭದ್ರತಾ ಸಂಶೋಧಕ ಪೀಟರ್ ಗಟ್‌ಮನ್ ಆಗಿನ ಡಿಸ್ಕ್‌ಗಳನ್ನು ನೋಡಿ ಹೇಳಿದ್ದು. ಈಗಿನ ಹಾರ್ಡ್ ಡಿಸ್ಕ್‌ಗೆ ಒಂದು ಸಲ ಪೂರ್ತಿ ಬರೆದರೆ ಸಾಕು. ನಾನು ಒಂದು ಸಲ ರ‍್ಯಾಂಡಮ್, ಮೇಲೊಂದು ಸಲ ಸೊನ್ನೆ ಬರೆಸಿದೆ. ಮೂರು ಗಂಟೆಗೂ ಜಾಸ್ತಿ ಹಿಡಿಯಿತು. ಮಧ್ಯೆ ಕರೆಂಟ್ ಹೋಗಿ ಮೊದಲಿಂದ ಶುರು ಮಾಡಬೇಕಾಯಿತು, ಹಾಗಾಗಿ ಯುಪಿಎಸ್ ಇದ್ದರೆ ಹಾಕಿಕೊಳ್ಳಿ.

ಎಸ್‌ಎಸ್‌ಡಿ ಕಥೆ ಬೇರೆ. ಅಲ್ಲಿ ಮೇಲೆ ಬರೆದದ್ದು ಹಳೇ ಜಾಗಕ್ಕೇ ಹೋಗುತ್ತದೆ ಅನ್ನೋ ಖಾತ್ರಿ ಇಲ್ಲ, ಒಂದೇ ಸೆಲ್ ಬೇಗ ಸವೆಯದಿರಲಿ ಅಂತ ಒಳಗಿನ ಕಂಟ್ರೋಲರ್ ಚಿಪ್ ಬೇರೆ ಸೆಲ್‌ಗೆ ಬರೆಯುತ್ತದೆ. ಅದಕ್ಕೆ ಡಿಸ್ಕ್‌ನಲ್ಲೇ ಇರುವ ಸೆಕ್ಯೂರ್ ಎರೇಸ್ ಕಮಾಂಡ್ ಕೊಡಬೇಕು. ಡಿಸ್ಕ್‌ಗೆ ಇಂಥ ಕಮಾಂಡ್ ಕೊಡುವ ಲಿನಕ್ಸ್‌ನ ಎಚ್‌ಡಿಪಾರ್ಮ್‌ನಲ್ಲಿ ನೋಡಿದರೆ "ಫ್ರೋಜನ್", ಅಂದರೆ ಎರೇಸ್‌ಗೆ ಬೀಗ ಬಿದ್ದಿದೆ, ಅಂತ ತೋರಿಸಿತು. ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಎಬ್ಬಿಸಿದ ಮೇಲೆ ಆ ಬೀಗ ಬಿಟ್ಟುಕೊಂಡಿತು. ತಾತ್ಕಾಲಿಕ ಪಾಸ್‌ವರ್ಡ್ ಇಟ್ಟು ಎರೇಸ್ ಕೊಟ್ಟೆ, ಕೆಲವೇ ನಿಮಿಷದಲ್ಲಿ ಮುಗಿಯಿತು.

ಆಮೇಲೆ ಫೋಟೋರೆಕ್ಕನ್ನು ಎರಡರ ಮೇಲೂ ಓಡಿಸಿದೆ. ಒಂದು ಫೈಲೂ ಸಿಗಲಿಲ್ಲ. ಅಪ್ಪನನ್ನು ಕರೆದು ತೋರಿಸಿ, ಮಾರನೇ ದಿನ ಎಸ್‌ಪಿ ರೋಡ್‌ಗೆ ಒಯ್ದೆ. ಅವರ ಹೊಸ ಲ್ಯಾಪ್‌ಟಾಪ್‌ನಲ್ಲಿ ಮೊದಲ ದಿನವೇ ಕೀ ಇಲ್ಲದೆ ಯಾರೂ ಓದಲಾಗದಂತೆ ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿಕೊಟ್ಟೆ.